ದೂರದೂರಲ್ಲಿ ಮದುವೆಯೋ, ನಮ್ಮೂರಲ್ಲೇ ಮದುವೆಯೋ? ಮನೆಯಲ್ಲಿ ತೀರ್ಮಾನ ಆಗುತ್ತಿಲ್ಲ

ಮುಂಜಾವು:
ಎಲ್ಲರಿಗೂ ನಮಸ್ಕಾರ. ನನ್ನ ಮದುವೆ ನಿಶ್ಚಯವಾಗಿದೆ. ಹುಡುಗನ ಬಗ್ಗೆ, ಎರಡೂ ಮನೆಯವರ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಜಾಗದ ಬಗ್ಗೆ ಮಾತ್ರ. ಸಮುದ್ರದ ಪಕ್ಕ, ಹತ್ತಿರದವರಷ್ಟೇ ಸೇರಿ, ಎರಡು ಮೂರು ದಿನ ಒಟ್ಟಿಗೆ ಇದ್ದು ಮದುವೆ ಆಗಬೇಕು ಅನ್ನುವುದು ನಮ್ಮಿಬ್ಬರ ಆಸೆ. ಬೇರೆ ದೇಶ ಆದರೂ ಸರಿ ಅಂದುಕೊಂಡಿದ್ದೇವೆ. ಅಪ್ಪ ಅಮ್ಮನಿಗೆ ಮಾತ್ರ ನಮ್ಮೂರಲ್ಲೇ ಆಗಬೇಕು. "ನಿನ್ನನ್ನು ಎತ್ತಿ ಆಡಿಸಿದವರೆಲ್ಲ ಇಲ್ಲಿರುವಾಗ ಅಲ್ಲೆಲ್ಲೋ ಹೋಗಿ ಯಾರ ಮುಂದೆ ಮದುವೆ ಆಗುತ್ತೀಯ" ಅಂತ ಅಮ್ಮ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಆದರೆ ನನ್ನ ಭಯವೂ ಸುಳ್ಳಲ್ಲ. ಅಕ್ಕನ ಮದುವೆ ಊರಲ್ಲೇ ಆಯಿತು. ಹೆಸರೂ ಗೊತ್ತಿಲ್ಲದ ನೂರಾರು ಜನರ ಮುಂದೆ ದಿನವಿಡೀ ನಿಂತು ನಕ್ಕಳು, ಅವಳಿಗೆ ಬೇಕಾದ ಗೆಳತಿಯರ ಜೊತೆ ಎರಡು ಮಾತೂ ಆಡಲಿಲ್ಲ. ಇವತ್ತಿಗೂ ಅದನ್ನು ನೆನೆದು ಬೇಜಾರು ಮಾಡಿಕೊಳ್ಳುತ್ತಾಳೆ.

ಇನ್ನೂ ಒಂದು ತೊಡಕು ಇದೆ. ಹುಡುಗನ ಊರು ಬೇರೆ, ನಮ್ಮ ಊರು ಬೇರೆ, ನಾವಿಬ್ಬರೂ ಕೆಲಸ ಮಾಡುವುದು ಮೂರನೇ ಊರಲ್ಲಿ. ನಮ್ಮಜ್ಜಿಗೆ ಮಂಡಿನೋವು, ಜಾಸ್ತಿ ಹೊತ್ತು ಕೂತು ಪ್ರಯಾಣ ಮಾಡಲು ಆಗುವುದಿಲ್ಲ. ಹತ್ತಿರದ ಗೆಳತಿಯೊಬ್ಬಳು ಗರ್ಭಿಣಿ. ಇದನ್ನೆಲ್ಲ ಹೇಗೆ ತೂಗಿ ನೋಡುವುದು? ಮದುವೆ ಮಾಡಿಕೊಂಡವರು, ಮಾಡಿಸಿದವರು, ಹೋಗಿ ಬಂದವರು ದಯವಿಟ್ಟು ಬರೆಯಿರಿ. ಸುಮ್ನೆ "ನಿಮಗೆ ಖುಷಿಯಾದದ್ದು ಮಾಡಿ" ಅನ್ನಬೇಡಿ, ಯಾವುದರಲ್ಲಿ ಖುಷಿ ಅನ್ನುವುದೇ ಗೊತ್ತಾಗುತ್ತಿಲ್ಲ.

ಹಳೇ ಹೆಜ್ಜೆ:
ನೋಡಮ್ಮಾ, ನಾನು ನಿಮ್ಮಪ್ಪನ ವಯಸ್ಸಿನವನು, ಅದಕ್ಕೇ ನೇರವಾಗಿ ಹೇಳುತ್ತೇನೆ. ಊರಲ್ಲಿ ಮದುವೆ ಅಂದರೆ ನಿನ್ನ ಗಂಡನನ್ನು ಊರಿಗೆ ಪರಿಚಯ ಮಾಡಿಸುವುದು. ನಾಳೆ ನೀನು ಮೂರನೇ ಊರಲ್ಲಿ ಇರುತ್ತೀಯ. ಮಧ್ಯರಾತ್ರಿ ನಿಮ್ಮಪ್ಪನಿಗೆ ಹುಷಾರು ತಪ್ಪಿದರೆ ಮೊದಲು ಬಾಗಿಲು ತಟ್ಟುವವರು ಪಕ್ಕದ ಮನೆಯವರು. ಅವರಿಗೆ ನಿನ್ನ ಗಂಡನ ಮುಖ ಗೊತ್ತಿರಬೇಕು, ಅವನ ನಂಬರ್ ಅವರ ಫೋನಿನಲ್ಲಿ ಇರಬೇಕು. ನಿನಗೆ ಹೆಸರು ಗೊತ್ತಿಲ್ಲದ ಆ ನೂರಾರು ಜನರ ಹೆಸರು ನಿಮ್ಮಪ್ಪನಿಗೆ ಗೊತ್ತು. ಅವರ ಮನೆ ಮದುವೆಗಳಿಗೆ ಹೋಗಿ, ಓಡಾಡಿ, ಕೆಲಸ ಮಾಡಿಕೊಟ್ಟು ಬಂದವರು ನಿಮ್ಮಪ್ಪ. ಈಗ ತಮ್ಮ ಮನೆಯ ಸರದಿ ಬಂದಾಗ ಅವರನ್ನು ಕರೆಯದಿದ್ದರೆ ಆ ಮನುಷ್ಯ ಊರಲ್ಲಿ ಹೇಗೆ ತಲೆಯೆತ್ತಿ ಓಡಾಡಬೇಕು?

ಅಲೆಮಾರಿ:
ಹಿರಿಯರೇ, ನಿಮ್ಮ ಮಾತಿಗೆ ಗೌರವ ಇದೆ. ಆದರೆ ಮದುವೆಗೆ ಬಂದವರೆಲ್ಲ ಮಧ್ಯರಾತ್ರಿ ಓಡಿಬರುವುದಿಲ್ಲ, ಓಡಿಬರುವವರು ಮದುವೆಗೆ ಕರೆದಿದ್ದಾರೋ ಇಲ್ಲವೋ ಅಂತ ಲೆಕ್ಕ ಇಡುವುದೂ ಇಲ್ಲ. ಅಪ್ಪನ ಬಳಕೆಯ ಋಣವನ್ನು ಮಗಳ ಮದುವೆಯ ದಿನವೇ ತೀರಿಸಬೇಕು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ನನ್ನ ಮದುವೆ ದೂರದ ಬೆಟ್ಟದೂರಲ್ಲಿ ಆಯಿತು, ಬಂದವರು ಸ್ವಲ್ಪವೇ ಜನ. ಮೂರು ದಿನ ಒಂದೇ ಕಟ್ಟಡದಲ್ಲಿ ಇದ್ದೆವು. ನಮ್ಮ ಮಾವ, ಅಂದರೆ ಹೆಂಡತಿಯ ತಂದೆ, ಅವರೂ ನಮ್ಮಪ್ಪನೂ ಅಲ್ಲಿಯವರೆಗೆ ಬರೀ ನಮಸ್ಕಾರ ಅಂದುಕೊಂಡವರು. ಅಲ್ಲಿ ಬೆಳಗ್ಗೆ ಒಟ್ಟಿಗೆ ನಡೆಯಲು ಹೋಗಿ, ಸಂಜೆ ಒಟ್ಟಿಗೆ ಕೂತು, ಈಗ ನಮಗೆ ಗೊತ್ತಿಲ್ಲದ ಹಾಗೆ ಅವರಿಬ್ಬರೇ ಫೋನು ಮಾಡಿಕೊಳ್ಳುತ್ತಾರೆ. ಅಂಥ ಬಿಡುವು ಊರಿನ ಮದುವೆಯಲ್ಲಿ ಸಿಗುವುದಿಲ್ಲ, ಅಲ್ಲಿ ಎರಡೂ ಕಡೆಯ ಹಿರಿಯರು ಬಾಗಿಲಲ್ಲಿ ನಿಂತು ಬಂದವರನ್ನು ಬರಮಾಡಿಕೊಳ್ಳುವುದರಲ್ಲೇ ದಣಿಯುತ್ತಾರೆ.

ಎರಡನೇ ಸಾಲು:
ನಾನು ಮದುಮಗಳೂ ಅಲ್ಲ, ಮದುಮಗನೂ ಅಲ್ಲ. ಯಾವಾಗಲೂ ಅತಿಥಿ. ಅತಿಥಿಗಳ ಕಡೆಯಿಂದ ಒಂದು ಮಾತು.

ದೂರದ ಮದುವೆಗೆ ಕರೆದಾಗ ನೀವು ನನ್ನಿಂದ ಕೇಳುತ್ತಿರುವುದು ಒಂದು ದಿನ ಅಲ್ಲ, ಒಂದು ವಾರದ ರಜೆ. ಟಿಕೆಟ್, ವೀಸಾ, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು, ಅಲ್ಲಿನ ಹವಾಮಾನಕ್ಕೆ ಬಟ್ಟೆ. ವಸತಿ ನೀವೇ ಕೊಟ್ಟರೂ ಉಳಿದದ್ದೆಲ್ಲ ನನ್ನದೇ. ಆ ವರ್ಷ ನನ್ನ ಕುಟುಂಬ ಎಲ್ಲಿಗೆ ಪ್ರವಾಸ ಹೋಗಬೇಕು ಅನ್ನುವುದನ್ನು ನಿಮ್ಮ ಮದುವೆಯೇ ತೀರ್ಮಾನ ಮಾಡಿಬಿಡುತ್ತದೆ. "ಆಗದಿದ್ದರೆ ಪರವಾಗಿಲ್ಲ" ಅಂತ ನೀವು ಬರೆದಿರುತ್ತೀರಿ. ಆದರೆ ಬರದೇ ಇದ್ದಾಗ ನಿಜಕ್ಕೂ ಪರವಾಗಿಲ್ಲವಾ? ನನ್ನ ಒಬ್ಬ ಸ್ನೇಹಿತೆ ಅಷ್ಟು ದೂರ ಹೋಗಲಾಗದೆ ಉಳಿದಳು, ಆಮೇಲೆ ಮದುಮಗಳು ಅವಳ ಜೊತೆ ಮೊದಲಿನ ಹಾಗೆ ಇರಲಿಲ್ಲ. ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ಮಾತು ಕಡಿಮೆಯಾಯಿತು.

ಬರಲಾಗುವುದಿಲ್ಲ ಅಂದವರ ಮೇಲೆ ಮನಸ್ಸಿನಲ್ಲೂ ಬೇಸರ ಇಟ್ಟುಕೊಳ್ಳುವುದಿಲ್ಲ ಅಂತ ನಿಮ್ಮಿಬ್ಬರಿಗೂ ಖಾತ್ರಿ ಇದ್ದರೆ ಮಾತ್ರ ದೂರ ಕರೆಯಿರಿ.

ಮುಂಜಾವು:
ಎರಡನೇ ಸಾಲು ಅವರೇ, ಈ ಮಾತು ನನಗೆ ತಾಗಿತು. ಅಂಥ ಖಾತ್ರಿ ನನಗಿಲ್ಲ. ನನ್ನ ಗೆಳತಿ ಬರದಿದ್ದರೆ ನನಗೆ ಬೇಜಾರಾಗುತ್ತದೆ, ಅದು ಅವಳ ತಪ್ಪಲ್ಲ ಅಂತ ಗೊತ್ತಿದ್ದರೂ.

ಕಾಗದಪತ್ರ:
ಎಲ್ಲರೂ ಮನಸ್ಸಿನ ವಿಷಯ ಬರೆಯುತ್ತಿದ್ದೀರಿ. ನಾನು ಕಾಗದದ ವಿಷಯ ಬರೆಯುತ್ತೇನೆ, ಯಾಕೆಂದರೆ ಬೇರೆ ದೇಶದ ಮದುವೆಯಲ್ಲಿ ಜನ ಕೊನೆಯಲ್ಲಿ ನೋಡುವುದು ಇದನ್ನೇ, ಮೊದಲು ನೋಡಬೇಕಾದದ್ದೂ ಇದನ್ನೇ.

ಸಮಾರಂಭ ಬೇರೆ, ಕಾನೂನಿನ ಮದುವೆ ಬೇರೆ. ಮಾಲ್ಡೀವ್ಸ್‌ನ ರೆಸಾರ್ಟ್‌ಗಳಲ್ಲಿ ಪ್ರವಾಸಿಗರಿಗೆ ಮಾಡಿಸುವ ಮದುವೆ ಸಾಮಾನ್ಯವಾಗಿ ಬರೀ ಸಮಾರಂಭ. ಅಲ್ಲಿ ಕೊಡುವ ಅಂದದ ಪತ್ರ ನೆನಪಿಗೆ ಇಟ್ಟುಕೊಳ್ಳಲು ಮಾತ್ರ, ಅದರಿಂದ ಕಾನೂನಿನ ಲೆಕ್ಕದಲ್ಲಿ ನೀವು ಗಂಡ ಹೆಂಡತಿ ಆಗುವುದಿಲ್ಲ. ಬಾಲಿ ಅಂದರೆ ಇಂಡೋನೇಷ್ಯಾ. ಅಲ್ಲಿನ 1974ರ ಮದುವೆ ಕಾನೂನಿನಂತೆ, ಧರ್ಮದ ಪ್ರಕಾರ ನಡೆದ ಮದುವೆಯೇ ಸಿಂಧು. ಹಾಗಾಗಿ ಅಲ್ಲಿ ಕಾನೂನುಬದ್ಧವಾಗಿ ಮದುವೆ ಆಗಬೇಕಾದರೆ ಇಬ್ಬರೂ ಒಂದೇ ಧರ್ಮದವರು ಅಂತ ತೋರಿಸಬೇಕಾಗುತ್ತದೆ. ಫ್ರಾನ್ಸ್‌ನಲ್ಲಿ ಕಾನೂನಿನ ಮದುವೆ ನಡೆಯುವುದು ಊರಿನ ಮೇಯರ್ ಕಚೇರಿಯಲ್ಲಿ. ಮದುಮಕ್ಕಳಲ್ಲಿ ಒಬ್ಬರಾದರೂ ಆ ಊರಲ್ಲಿ ಕನಿಷ್ಠ ಒಂದು ತಿಂಗಳಿನಿಂದ ವಾಸ ಇರಬೇಕು, ಇಲ್ಲವೇ ಅವರ ತಂದೆ ತಾಯಿಯ ಮನೆ ಅಲ್ಲಿರಬೇಕು. ಧಾರ್ಮಿಕ ಮದುವೆಯನ್ನು ಅದಕ್ಕೂ ಮೊದಲು ಮಾಡಿಸುವಂತಿಲ್ಲ. ಪ್ಯಾರಿಸ್‌ನಲ್ಲಿ ಮದುವೆ ಅಂತ ಫೋಟೋ ಹಾಕಿಕೊಳ್ಳುವ ಹೊರದೇಶದ ಜೋಡಿಗಳಲ್ಲಿ ತುಂಬ ಮಂದಿ ಕಾಗದದ ಮದುವೆಯನ್ನು ತಮ್ಮ ದೇಶದಲ್ಲೇ ಮುಗಿಸಿ ಹೋದವರು.

ಸುಲಭದ ಜಾಗಗಳೂ ಇವೆ. ಅಮೆರಿಕದ ಲಾಸ್ ವೇಗಸ್‌ನಲ್ಲಿ ಮದುವೆಯ ಲೈಸೆನ್ಸ್‌ಗೆ ಕಾಯುವ ಅವಧಿಯೇ ಇಲ್ಲ, ಅದನ್ನು ಕೊಡುವ ಕಚೇರಿ ರಜಾದಿನವೂ ಸೇರಿ ಬೆಳಗ್ಗೆ 8ರಿಂದ ಮಧ್ಯರಾತ್ರಿಯವರೆಗೆ ತೆರೆದಿರುತ್ತದೆ. ಡೆನ್ಮಾರ್ಕ್‌ನಲ್ಲಿ ಮೊದಲೇ ದಾಖಲೆ ಕಳಿಸಿ ಒಂದು ಅನುಮತಿ ಪತ್ರ ತರಿಸಿಕೊಳ್ಳಬೇಕು, ಅದು 4 ತಿಂಗಳು ನಡೆಯುತ್ತದೆ, ಅಷ್ಟರಲ್ಲಿ ಹೋಗಿ ಮದುವೆ ಆಗಬಹುದು. ಅದಕ್ಕೇ ಯುರೋಪಿನ ಬೇರೆ ಬೇರೆ ದೇಶಗಳ ಜೋಡಿಗಳು ಅಲ್ಲಿನ ಐರೋ ಅನ್ನುವ ಪುಟ್ಟ ದ್ವೀಪಕ್ಕೆ ಹೋಗುತ್ತಾರೆ.

ಮದುವೆ ಎಲ್ಲೇ ಆಗಲಿ, ಅಲ್ಲಿನ ಪ್ರಮಾಣಪತ್ರ ನಿಮ್ಮ ದೇಶದಲ್ಲಿ ನಡೆಯಬೇಕಲ್ವಾ? ಅದಕ್ಕೆ ಅಪಾಸ್ಟಿಲ್ ಮುದ್ರೆ ಬೇಕಾಗಬಹುದು. 1961ರ ಹೇಗ್ ಒಪ್ಪಂದದಿಂದ ಬಂದ ಪದ್ಧತಿ ಇದು. ಒಂದು ದೇಶದ ಸರ್ಕಾರಿ ದಾಖಲೆಯ ಸಹಿ ಮತ್ತು ಮುದ್ರೆ ಅಸಲಿ ಅಂತ ಆ ದೇಶವೇ ದೃಢಪಡಿಸಿದರೆ ಒಪ್ಪಂದದ ಉಳಿದ ದೇಶಗಳು ಅದನ್ನು ಒಪ್ಪಿಕೊಳ್ಳುತ್ತವೆ. ಒಪ್ಪಂದದಲ್ಲಿ ಇಲ್ಲದ ದೇಶ ಆದರೆ ರಾಯಭಾರ ಕಚೇರಿಯ ಸುತ್ತಾಟ. ಪಾಸ್‌ಪೋರ್ಟಿನಲ್ಲಿರುವ ಹೆಸರು, ಜನನ ಪತ್ರದಲ್ಲಿರುವ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಇದನ್ನು ಈಗಲೇ ತೆಗೆದು ನೋಡಿ.

ನನ್ನ ಅಭಿಪ್ರಾಯ ಕೇಳಿದರೆ, ಕಾನೂನಿನ ಮದುವೆ ನೀವು ವಾಸ ಇರುವ ದೇಶದಲ್ಲೇ ಆಗಲಿ. ಸಮಾರಂಭ ಎಲ್ಲಿ ಬೇಕಾದರೂ ಮಾಡಿ. ಆಗ ಅಲ್ಲಿ ಮಳೆ ಬಂದರೂ, ವಿಮಾನ ತಪ್ಪಿದರೂ ಮದುವೆಗೆ ಧಕ್ಕೆ ಇಲ್ಲ.

ಕಿಟಕಿ ಸೀಟು:
ದೂರ ಹೋಗಿ ಮದುವೆ ಆಗುವುದು ಹೊಸ ಶೋಕಿ ಅಂತ ಹಿರಿಯರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಇಂಗ್ಲೆಂಡಿನಲ್ಲಿ 1753ರಲ್ಲಿ ಒಂದು ಕಾನೂನು ಬಂತು, 21 ವರ್ಷ ತುಂಬದವರು ಹೆತ್ತವರ ಒಪ್ಪಿಗೆ ಇಲ್ಲದೆ ಮದುವೆ ಆಗಲು ಕಷ್ಟವಾಯಿತು. ಸ್ಕಾಟ್ಲೆಂಡಿಗೆ ಆ ಕಾನೂನು ಅನ್ವಯಿಸುತ್ತಿರಲಿಲ್ಲ. ಜೋಡಿಗಳು ಗಡಿ ದಾಟಿ ಮೊದಲು ಸಿಗುವ ಗ್ರೆಟ್ನಾ ಗ್ರೀನ್ ಹಳ್ಳಿಗೆ ಓಡಿಹೋಗಿ ಇಬ್ಬರು ಸಾಕ್ಷಿಗಳ ಮುಂದೆ ಮದುವೆ ಆಗುತ್ತಿದ್ದರು. ಅದನ್ನು ತಡೆಯಲು 1856ರಲ್ಲಿ 21 ದಿನ ಅಲ್ಲಿ ವಾಸ ಇರಬೇಕು ಅನ್ನುವ ನಿಯಮ ತಂದರು. ಬೀಟಲ್ಸ್ ತಂಡದ ಹಾಡುಗಾರ ಜಾನ್ ಲೆನನ್ ಮತ್ತು ಕಲಾವಿದೆ ಯೋಕೊ ಓನೊ 1969ರ ಮಾರ್ಚ್ 20ರಂದು, ಸ್ಪೇನಿನ ಪಕ್ಕದ ಬ್ರಿಟಿಷ್ ಪ್ರದೇಶ ಜಿಬ್ರಾಲ್ಟರ್‌ನಲ್ಲಿ ಮದುವೆಯಾದದ್ದಕ್ಕೂ ಅಲ್ಲಿ ಬೇಗ ಆಗುತ್ತದೆ ಅನ್ನುವುದೇ ಕಾರಣ. ಹಿಂದೆ ಹೆತ್ತವರಿಂದ ಅಥವಾ ಕಾನೂನಿನಿಂದ ತಪ್ಪಿಸಿಕೊಳ್ಳಲು ಹೋಗುತ್ತಿದ್ದರು. ಮುಂಜಾವು ಅವರೇ, ನೀವು ಯಾವುದರಿಂದ ತಪ್ಪಿಸಿಕೊಳ್ಳಲು ಹೋಗುತ್ತಿದ್ದೀರಿ ಅಂತ ಒಮ್ಮೆ ಯೋಚಿಸಿ. ಬೈಯಲು ಕೇಳುತ್ತಿಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ.

ಮೂರನೇ ಊರು:
ಕಿಟಕಿ ಸೀಟು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಉತ್ತರ ಊಹಿಸುತ್ತೇನೆ: ಪಟ್ಟಿಯಿಂದ. ಕರೆಯಬೇಕಾದವರ ಪಟ್ಟಿಯಿಂದ.

ಮೊದಲ ಬರಹ ಮತ್ತೆ ಓದಿ. ಸಮುದ್ರದ ಬಗ್ಗೆ ಒಂದೇ ಪದ ಇದೆ. ಉಳಿದದ್ದೆಲ್ಲ ಯಾರು ಇರಬೇಕು, ಯಾರು ಇರಬಾರದು, ಅವರ ಜೊತೆ ಎಷ್ಟು ಹೊತ್ತು ಸಿಗುತ್ತದೆ ಅನ್ನುವುದರ ಬಗ್ಗೆಯೇ ಇದೆ. ಊರಲ್ಲಿ ಮಾಡಿದರೆ ಅಪ್ಪನ ಪಟ್ಟಿಗೆ ಬೇಡ ಅನ್ನಲು ಆಗುವುದಿಲ್ಲ. ದೂರ ಹೋದರೆ ಯಾರಿಗೂ ಬೇಡ ಅನ್ನದೆ ಪಟ್ಟಿ ತಾನಾಗಿಯೇ ಸಣ್ಣದಾಗುತ್ತದೆ. ತುಂಬಾ ಜೋಡಿಗಳು ದೂರದ ಜಾಗ ಆರಿಸಿಕೊಳ್ಳುವುದಕ್ಕೆ ಇದೇ ಕಾರಣ. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಆದರೆ ದೂರ ಅನ್ನುವುದು ಜನರನ್ನು ಆರಿಸುವ ರೀತಿ ನೋಡಿ. ದುಡ್ಡು, ಪಾಸ್‌ಪೋರ್ಟು, ಆರೋಗ್ಯ ಇದ್ದವರು ಬರುತ್ತಾರೆ. ಅಜ್ಜಿ ಉಳಿಯುತ್ತಾರೆ, ಗರ್ಭಿಣಿ ಗೆಳತಿ ಉಳಿಯುತ್ತಾಳೆ, ನಿಮಗೆ ಅಷ್ಟೇನೂ ಹತ್ತಿರವಲ್ಲದ ಸ್ಥಿತಿವಂತ ನೆಂಟರು ಮಾತ್ರ ಖುಷಿಯಿಂದ ಬರುತ್ತಾರೆ. ನೀವು ಇಟ್ಟುಕೊಳ್ಳಬೇಕು ಅಂದುಕೊಂಡ ಪಟ್ಟಿಗೆ ಇದು ಪೂರ್ತಿ ಉಲ್ಟಾ ಆಗಬಹುದು.

ಹಿರಿಯರಿಗೂ ಒಂದು ಮಾತು. "ಊರಲ್ಲಿ" ಅಂದರೆ ಯಾರ ಊರಲ್ಲಿ? ಮದುಮಗಳ ಊರು ಮದುಮಗನ ಕಡೆಯವರಿಗೆ ದೂರದ ಊರೇ. ಅವರೂ ಪ್ರಯಾಣ ಮಾಡಬೇಕು, ಗೊತ್ತಿಲ್ಲದ ಕೋಣೆಯಲ್ಲಿ ಮಲಗಬೇಕು. ಹಾಗಾಗಿ ಊರಿನ ಮದುವೆಯಲ್ಲೂ ಒಂದು ಕಡೆಯವರು ಅತಿಥಿಗಳೇ, ಇನ್ನೊಂದು ಕಡೆಯವರು ಮನೆಯವರು. ದೂರದ ಜಾಗದಲ್ಲಾದರೆ ಇಬ್ಬರೂ ಅತಿಥಿಗಳು. ಆ ಸಮಾನತೆ ಕೆಲವು ಕುಟುಂಬಗಳಿಗೆ ನಿಜಕ್ಕೂ ಒಳ್ಳೆಯದು ಮಾಡಿದೆ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮುಂಜಾವು:
ಮೂರನೇ ಊರು ಅವರ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹೌದು. ಸಮುದ್ರ ಇಲ್ಲದಿದ್ದರೂ ನಾನು ಬದುಕುತ್ತೇನೆ. ನಮ್ಮ ಹುಡುಗನಿಗೂ ಓದಿ ಹೇಳಿದೆ, ಅವರೂ ಒಪ್ಪಿಕೊಂಡರು. ಆದರೆ ಅಪ್ಪನ ಪಟ್ಟಿಗೆ ಬೇಡ ಅನ್ನುವ ಧೈರ್ಯ ಇನ್ನೂ ಬಂದಿಲ್ಲ.

ಹಳೇ ಹೆಜ್ಜೆ:
ಬೇಡ ಅನ್ನಬೇಡಮ್ಮಾ. ನಿಮ್ಮಪ್ಪನ ಪಟ್ಟಿಗೆ ಅದರದೇ ಒಂದು ದಿನ ಕೊಡು. ಮದುವೆಯ ದಿನವೇ ಆಗಬೇಕು ಅಂತ ನಾನೂ ಹಟ ಹಿಡಿಯುವುದಿಲ್ಲ. ಊರವರು ನಿಮ್ಮಿಬ್ಬರನ್ನು ನೋಡಿ, ಮಾತಾಡಿಸಿ, ಹರಸಿ ಹೋಗಲು ಒಂದು ಸಂಜೆ ಸಾಕು.

ಕಡಲಂಚು:
ನಾನು ಮದುವೆ ಏರ್ಪಾಡು ಮಾಡಿಕೊಡುವ ಕೆಲಸದಲ್ಲಿ ಇದ್ದೇನೆ. ದೂರದ್ದೂ ಮಾಡಿಸುತ್ತೇನೆ, ಊರಿನದ್ದೂ ಮಾಡಿಸುತ್ತೇನೆ, ಯಾವುದನ್ನೂ ಮಾರಲು ಇಲ್ಲಿ ಬಂದಿಲ್ಲ. ದೂರವೇ ಅಂತಾದರೆ ಗೊತ್ತಿರಬೇಕಾದ ಕೆಲವು ವಿಷಯ ಹೇಳುತ್ತೇನೆ.

ಹೋಟೆಲಿನವರು ಒಟ್ಟಾಗಿ ಕೋಣೆ ಕಾದಿರಿಸಿಕೊಡುವಾಗ ಒಪ್ಪಂದದಲ್ಲಿ ಅಟ್ರಿಷನ್ ಅಂತ ಒಂದು ಷರತ್ತು ಇರುತ್ತದೆ. ಸಾಮಾನ್ಯವಾಗಿ ಶೇಕಡ 80 ಅಥವಾ 90 ಕೋಣೆ ತುಂಬಲೇಬೇಕು ಅನ್ನುತ್ತಾರೆ. ನೀವು 50 ಕೋಣೆ ಹಿಡಿದಿದ್ದೀರಿ, ಶೇಕಡ 80ರ ಷರತ್ತು ಇದೆ, ಬಂದವರು ತುಂಬಿಸಿದ್ದು 30 ಅಂತ ಇಟ್ಟುಕೊಳ್ಳಿ. 40 ಆಗಬೇಕಿತ್ತು, ಕಮ್ಮಿ ಬಿದ್ದ 10 ಕೋಣೆಗಳ ಬಾಡಿಗೆ ನಿಮ್ಮ ತಲೆಗೆ. ದೂರದ ಮದುವೆಗೆ ಬರುತ್ತೇನೆ ಅಂದವರೆಲ್ಲ ಬರುವುದಿಲ್ಲ. ಆದ್ದರಿಂದ ಕಡಿಮೆ ಹಿಡಿಯಿರಿ, ಆಮೇಲೆ ಬೇಕಾದರೆ ಸೇರಿಸಿಕೊಳ್ಳುವ ಅವಕಾಶ ಕೇಳಿ.

ಎರಡನೆಯದು ಫೋರ್ಸ್ ಮೆಜೂರ್, ಅಂದರೆ ಯಾರ ಕೈಯಲ್ಲೂ ಇಲ್ಲದ ಕಾರಣಕ್ಕೆ ನಿಂತುಹೋದರೆ ಏನು ಅನ್ನುವ ಷರತ್ತು. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ಯುರೋಪಿನ ಬಹುಭಾಗದಲ್ಲಿ ವಿಮಾನಗಳು ಸುಮಾರು ಒಂದು ವಾರ ನಿಂತವು. 2020ರಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. 2025ರ ಫೆಬ್ರುವರಿಯಲ್ಲಿ, ಮದುವೆಗಳಿಗೆ ಹೆಸರಾದ ಗ್ರೀಸಿನ ಸ್ಯಾಂಟೊರಿನಿಯಲ್ಲಿ ಒಂದರ ಹಿಂದೆ ಒಂದು ಭೂಕಂಪ ಆಗಿ ಸಾವಿರಾರು ಜನ ದ್ವೀಪ ಬಿಟ್ಟು ಹೊರಟರು. ಇಂಥದ್ದು ಆದಾಗ ದುಡ್ಡು ವಾಪಸ್ ಕೊಡುತ್ತಾರಾ, ಬರೀ ದಿನಾಂಕ ಮುಂದೂಡುತ್ತಾರಾ? ಕೊಟ್ಟರೆ ಎಷ್ಟು ದಿನದೊಳಗೆ? ಬಾಯಿಮಾತು ಸಾಲದು, ಒಪ್ಪಂದದಲ್ಲಿ ಬರೆಸಿಕೊಳ್ಳಿ. ಮದುವೆ ವಿಮೆ ಮಾಡಿಸುವುದಾದರೆ ಅದರಲ್ಲಿ ಏನು ಸೇರಿಲ್ಲ ಅನ್ನುವ ಭಾಗವನ್ನು ಮೊದಲು ಓದಿ.

ಮತ್ತೆ ಸಮುದ್ರ. ಹುಣ್ಣಿಮೆಯ ರಾತ್ರಿ ಮರಳಿನ ಮೇಲೆ ಮದುವೆ ಅಂತ ತುಂಬಾ ಜನ ಕೇಳುತ್ತಾರೆ. ಉಬ್ಬರ ಎಲ್ಲಕ್ಕಿಂತ ಜಾಸ್ತಿ ಏರುವುದು ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲೇ. ಹೆಚ್ಚಿನ ಕರಾವಳಿಗಳಲ್ಲಿ ಸುಮಾರು 12 ಗಂಟೆ 25 ನಿಮಿಷಕ್ಕೆ ಒಮ್ಮೆ ಉಬ್ಬರ ಬರುತ್ತದೆ, ಅಂದರೆ ದಿನದಿಂದ ದಿನಕ್ಕೆ 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಜಾಗ ನೋಡಲು ಹೋದ ದಿನ ಸಂಜೆ ಐದಕ್ಕೆ ಅಗಲವಾಗಿ ಕಂಡ ಮರಳು, ಮದುವೆಯ ದಿನ ಸಂಜೆ ಐದಕ್ಕೆ ನೀರಿನಡಿ ಇರಬಹುದು. ಉಬ್ಬರ ಇಳಿತದ ಪಟ್ಟಿ ವರ್ಷದ ಮೊದಲೇ ಸಿಗುತ್ತದೆ, ಅದನ್ನು ನೋಡಿಯೇ ದಿನಾಂಕ ಮತ್ತು ಹೊತ್ತು ಗೊತ್ತುಮಾಡಿ. ಕೆರಿಬಿಯನ್ ಕಡೆ ಹೋಗುವವರಿಗೆ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಆ ತಿಂಗಳುಗಳಲ್ಲಿ ರೆಸಾರ್ಟ್ ಕಡಿಮೆ ಬೆಲೆಗೆ ಸಿಗುವುದು ಅದೇ ಕಾರಣಕ್ಕೆ.

ಇನ್ನೊಂದು ವಿಷಯ ನನ್ನ ಮನಸ್ಸಿನಲ್ಲಿ ತುಂಬಾ ದಿನದಿಂದ ಇದೆ. ನೀವು ಹೋಗುವ ಜಾಗ ಬೇರೆ ಯಾರದೋ ಊರು. 2025ರ ಜೂನ್‌ನಲ್ಲಿ ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ ಮದುವೆ ಇಟಲಿಯ ವೆನಿಸ್‌ನಲ್ಲಿ ನಡೆದಾಗ ಅಲ್ಲಿನ ನಿವಾಸಿಗಳು ಬೀದಿಗೆ ಇಳಿದು ಪ್ರತಿಭಟಿಸಿದರು. ಅಷ್ಟು ದೊಡ್ಡ ಮದುವೆ ನಮ್ಮದಲ್ಲ, ನಿಜ. ಆದರೂ ಸದ್ದಿನ ಮಿತಿ, ಕಸ, ಕುಡಿಯುವ ನೀರು, ಸಾರ್ವಜನಿಕ ಕಡಲತೀರಕ್ಕೆ ಅಡ್ಡ ಕಟ್ಟುವುದು, ಇವೆಲ್ಲ ಅಲ್ಲಿ ಬದುಕುವವರಿಗೆ ಪ್ರತಿ ವಾರದ ಪಾಡು. ಅಲ್ಲಿಯವರನ್ನೇ ಕೆಲಸಕ್ಕೆ ತೆಗೆದುಕೊಳ್ಳಿ, ಅನುಮತಿ ಕಾಗದ ನೀವೇ ಕಣ್ಣಾರೆ ನೋಡಿ.

ಬೇವಿನ ನೆರಳು:
ಗರ್ಭಿಣಿ ಗೆಳತಿಯ ಬಗ್ಗೆ ಯಾರೂ ಬರೆದಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಾಗಿ ಹೇಳುತ್ತೇನೆ. ಬಹಳಷ್ಟು ವಿಮಾನ ಸಂಸ್ಥೆಗಳು 28 ವಾರದ ನಂತರ ವೈದ್ಯರ ಪತ್ರ ಕೇಳುತ್ತವೆ, 36 ವಾರದ ನಂತರ ಹತ್ತಿಸಿಕೊಳ್ಳುವುದಿಲ್ಲ. ಅವಳಿ ಮಕ್ಕಳಾದರೆ ಇನ್ನೂ ಮೊದಲೇ ನಿಲ್ಲಿಸುತ್ತವೆ. ಮದುವೆಯ ದಿನಕ್ಕೆ ಅವಳಿಗೆ ಎಷ್ಟು ವಾರ, ವಾಪಸ್ ಬರುವ ದಿನಕ್ಕೆ ಎಷ್ಟು, ಎರಡನ್ನೂ ಎಣಿಸಿ.

ಅಜ್ಜಿಯ ವಿಷಯ. 4 ಗಂಟೆಗಿಂತ ಜಾಸ್ತಿ ಕೂತೇ ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟು ಆಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ವಿಮಾನ ಮಾತ್ರ ಅಲ್ಲ, ಕಾರು, ಬಸ್ಸು, ರೈಲಿಗೂ ಇದೇ ಮಾತು. ಮೂಲದಲ್ಲಿ ಅಪಾಯ ಸಣ್ಣದೇ, ಹೆದರಬೇಕಾಗಿಲ್ಲ. ಆದರೆ ವಯಸ್ಸಾದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಹೊರಡಬೇಕು. ಬೆಟ್ಟದ ಮೇಲೆ ಮದುವೆ ಇಟ್ಟುಕೊಳ್ಳುವವರಿಗೂ ಹೇಳುತ್ತೇನೆ, 2500 ಮೀಟರ್‌ಗಿಂತ ಎತ್ತರಕ್ಕೆ ಒಂದೇ ಸಲ ಏರಿದರೆ ಆರೋಗ್ಯವಂತರಿಗೂ ತಲೆನೋವು, ವಾಂತಿ ಬರಬಹುದು.

ನಿಧಾನ:
ನಾನು ಗಾಲಿಕುರ್ಚಿ ಬಳಸುತ್ತೇನೆ. ಮರಳಿನ ಮೇಲೆ ಗಾಲಿ ಹೂತುಹೋಗುತ್ತದೆ. ಮೂರು ಮದುವೆಗಳಲ್ಲಿ ನನ್ನನ್ನು ಇಬ್ಬರು ಹೊತ್ತುಕೊಂಡು ಹೋಗಿ ಕೂರಿಸಿದರು, ಪ್ರೀತಿಯಿಂದಲೇ. ಆದರೆ ಹಾಗೆ ಹೊತ್ತುಕೊಂಡು ಹೋದ ಮೇಲೆ ನಾನು ನನ್ನಿಷ್ಟಕ್ಕೆ ಎದ್ದು ಹೋಗಲಾರೆ, ಅವರು ಬರುವವರೆಗೂ ಅಲ್ಲೇ ಇರಬೇಕು. ಊರಿನ ಹಾಲ್‌ಗಳೂ ಏನು ಕಮ್ಮಿಯಿಲ್ಲ, ವೇದಿಕೆಗೆ ಮೆಟ್ಟಿಲು, ಶೌಚಾಲಯಕ್ಕೆ ಮೆಟ್ಟಿಲು. ಎರಡೂ ಕಡೆ ಕೇಳಬೇಕಾದದ್ದು ಒಂದೇ. ಕಾರಿನಿಂದ ಕೋಣೆಗೆ, ಕೋಣೆಯಿಂದ ಕೂರುವ ಜಾಗಕ್ಕೆ, ಅಲ್ಲಿಂದ ಶೌಚಾಲಯಕ್ಕೆ ಮೆಟ್ಟಿಲಿಲ್ಲದ ದಾರಿ ಇದೆಯಾ? "ಇದೆ" ಅನ್ನುವ ಉತ್ತರ ಸಾಲದು, ಆ ದಾರಿಯ ವಿಡಿಯೋ ಕಳಿಸಲು ಹೇಳಿ. ವಿಮಾನದಲ್ಲಿ ನೆರವು ಬೇಕಿದ್ದರೆ ಕನಿಷ್ಠ 48 ಗಂಟೆ ಮೊದಲು ತಿಳಿಸಿ. ಮಂಡಿನೋವಿನ ಅಜ್ಜಿಗೂ ಇದೆಲ್ಲ ಅನ್ವಯಿಸುತ್ತದೆ, ಗಾಲಿಕುರ್ಚಿ ಇದ್ದವರಿಗೆ ಮಾತ್ರ ಅಲ್ಲ.

ಅಲೆಮಾರಿ:
ನಿಧಾನ ಅವರೇ, ವಿಡಿಯೋ ಕೇಳುವ ಉಪಾಯ ತುಂಬಾ ಒಳ್ಳೆಯದು. ನಮ್ಮ ಬೆಟ್ಟದೂರಿನ ಕಟ್ಟಡದಲ್ಲಿ ಲಿಫ್ಟ್ ಇತ್ತು, ಹಾಗಾಗಿ ನಡೆಯಿತು.

ಬಟ್ಟೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಮದುವೆಯ ಬಟ್ಟೆಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಸಾಮಾನಿಗೆ ಹಾಕಬೇಡಿ. ಅಂತರರಾಷ್ಟ್ರೀಯ ವಿಮಾನದಲ್ಲಿ ಸಾಮಾನು ಕಳೆದರೆ, ಹಾಳಾದರೆ ಅಥವಾ ತಡವಾದರೆ ಕೊಡುವ ಪರಿಹಾರಕ್ಕೆ 1999ರ ಮಾಂಟ್ರಿಯಲ್ ಒಪ್ಪಂದದಲ್ಲಿ ಮಿತಿ ಇದೆ. ಮೊದಲೇ ಬೆಲೆ ಘೋಷಿಸಿ ಹೆಚ್ಚುವರಿ ಶುಲ್ಕ ಕಟ್ಟದಿದ್ದರೆ ಆ ಮಿತಿಗಿಂತ ಜಾಸ್ತಿ ಕೇಳಲು ಆಗುವುದಿಲ್ಲ. ಪರಿಹಾರ ಬಂದರೂ ಮದುವೆಯ ದಿನ ಬಟ್ಟೆ ಬರುವುದಿಲ್ಲವಲ್ಲ.

ಎರಡನೇ ಸಾಲು:
ವೀಸಾ ಬೇಕಾದ ಅತಿಥಿಗಳಿಗೆ ಸಮಯ ಕೊಡಿ ಅಂತಲೂ ಬರೆಯಿರಿ ಯಾರಾದರೂ. ಯುರೋಪಿನ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ 6 ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ಉತ್ತರ ಬರಲು ಮಾಮೂಲಾಗಿ 15 ದಿನ, ಕೆಲವು ಸಲ 45 ದಿನವೂ ಹಿಡಿಯುತ್ತದೆ. ಹಲವು ದೇಶಗಳು ಪಾಸ್‌ಪೋರ್ಟಿನಲ್ಲಿ ಇನ್ನೂ 6 ತಿಂಗಳ ಅವಧಿ ಉಳಿದಿರಬೇಕು ಅನ್ನುತ್ತವೆ. ಮದುವೆಗೆ ಒಂದು ತಿಂಗಳಿರುವಾಗ ಕರೆಯೋಲೆ ಕೊಟ್ಟರೆ ಆಸೆಯಿದ್ದವರಿಗೂ ಬರಲಾಗುವುದಿಲ್ಲ.

ಮೂರನೇ ಊರು:
ಮುಂಜಾವು ಅವರೇ, ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ನೀವಿಬ್ಬರೂ ಬೇರೆ ಬೇರೆ ಕೂತು, ಯಾರು ಇಲ್ಲದಿದ್ದರೆ ಇದು ಮದುವೆ ಅನ್ನಿಸುವುದೇ ಇಲ್ಲವೋ ಅಂಥವರ ಹೆಸರು ಬರೆಯಿರಿ. ಗೌರವಕ್ಕೆ ಕರೆಯಬೇಕಾದವರನ್ನು ಈ ಹಾಳೆಯಲ್ಲಿ ಬರೆಯಬೇಡಿ. ಅಪ್ಪ ಅಮ್ಮಂದಿರಿಗೂ ಅಂಥದ್ದೇ ಒಂದು ಹಾಳೆ ಕೊಡಿ. ಆಮೇಲೆ ಆ ಹೆಸರುಗಳಿಗೆಲ್ಲ ನೀವೇ ಫೋನು ಮಾಡಿ, ಗುಂಪಿಗೆ ಮೆಸೇಜ್ ಹಾಕಬೇಡಿ, ಒಬ್ಬೊಬ್ಬರನ್ನೇ ಕೇಳಿ. ಎಷ್ಟು ದೂರ ಬರಲು ಆಗುತ್ತದೆ, ಯಾವ ತಿಂಗಳು ಆಗುವುದಿಲ್ಲ, ಎಷ್ಟು ದಿನ ಬಿಡುವು ಸಿಗುತ್ತದೆ. ಜಾಗದ ಚಿತ್ರಗಳನ್ನು ಅದಕ್ಕೂ ಮೊದಲು ನೋಡಲೇಬೇಡಿ. ಚಿತ್ರ ನೋಡಿ ಮನಸ್ಸು ಕೊಟ್ಟ ಮೇಲೆ ಬರಲಾಗದವರೆಲ್ಲ ಅಡ್ಡಿಯ ಹಾಗೆ ಕಾಣಿಸಲು ಶುರುವಾಗುತ್ತಾರೆ.

ಮುಂಜಾವು:
ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ. ಹಾಳೆ ಕೊಟ್ಟೆವು. ಅಪ್ಪ ಮೊದಲು ಸಿಟ್ಟು ಮಾಡಿಕೊಂಡರು, ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಬರೆದರು. ಹೊರಗೆ ಬಂದಾಗ ಅವರ ಹಾಳೆಯಲ್ಲಿ ನಾನು ಹೆದರಿದಷ್ಟು ಹೆಸರು ಇರಲಿಲ್ಲ. ನನಗೆ ಆಶ್ಚರ್ಯ ಆದದ್ದು, ಅಪ್ಪನ ಹಾಳೆಯಲ್ಲೂ ನನ್ನ ಹಾಳೆಯಲ್ಲೂ ಒಂದೇ ಹೆಸರುಗಳು ತುಂಬಾ ಇದ್ದವು. ನಮ್ಮ ಹಳೆಯ ಮೇಷ್ಟ್ರು, ಎದುರು ಮನೆಯ ಅತ್ತೆ, ಚಿಕ್ಕಪ್ಪನ ಮಕ್ಕಳು. ನಾನು ಊರು ಬೇಡ ಅಂದಾಗ ಇವರನ್ನೂ ಬೇಡ ಅನ್ನುತ್ತಿದ್ದೇನೆ ಅಂತ ನನಗೆ ತಟ್ಟಿರಲಿಲ್ಲ.

ಫೋನು ಮಾಡಿದ ಮೇಲೆ ಬೇರೆ ದೇಶ ಅನ್ನುವುದು ಬಿಟ್ಟುಹೋಯಿತು. ಗೆಳತಿಗೆ ಮದುವೆಯ ತಿಂಗಳು 30 ವಾರ ದಾಟಿರುತ್ತದೆ, ಕಾರಿನಲ್ಲಿ ಸ್ವಲ್ಪ ದೂರ ಆದರೆ ಬರುತ್ತೇನೆ ಅಂದಳು, ಅದನ್ನೂ ಅವಳ ವೈದ್ಯರನ್ನು ಕೇಳಿಕೊಂಡೇ. ಈಗ ಯೋಚನೆ ಹೀಗಿದೆ. ನಮ್ಮೂರಿಂದ ಎರಡು ಗಂಟೆಯ ದಾರಿಯಲ್ಲಿ, ಎರಡೂ ಹಾಳೆಯ ಜನ ಎರಡು ರಾತ್ರಿ ಉಳಿಯಬಹುದಾದ ಒಂದು ಜಾಗ. ಮದುವೆ ಅಲ್ಲಿ. ನೋಂದಣಿ ಅದಕ್ಕೂ ಮೊದಲೇ, ನಾವು ವಾಸ ಇರುವ ಕಡೆ. ಆಮೇಲೆ ನಮ್ಮೂರಲ್ಲಿ ಒಂದು ಸಂಜೆ, ಅವರ ಊರಲ್ಲಿ ಒಂದು ಸಂಜೆ, ಬಾಗಿಲು ತೆರೆದಿಟ್ಟು, ಬಂದವರೆಲ್ಲ ಬರಲಿ ಅಂತ. ಅಮ್ಮ ಒಪ್ಪಿದರು. ಹುಡುಗನ ಅಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ, ಮದುವೆಯ ದಿನವೇ ತಮ್ಮ ಕಡೆಯವರೆಲ್ಲ ಇರಬೇಕು ಅನ್ನುವುದು ಅವರ ಮಾತು. ನನಗೆ ಅವರ ಮಾತೂ ಅರ್ಥವಾಗುತ್ತದೆ. ಈ ಭಾನುವಾರ ಹೋಗಿ ಮಾತಾಡುತ್ತೇವೆ.

ಹಳೇ ಹೆಜ್ಜೆ:
ಒಳ್ಳೆಯದಾಯಿತಮ್ಮಾ. ಭಾನುವಾರ ಹೋದಾಗ ಹುಡುಗನೇ ಮಾತು ಶುರುಮಾಡಲಿ, ಅವನ ತಾಯಿಗೆ ಅವನೇ ಹೇಳಬೇಕು. ನೀನು ಹೇಳಿದರೆ ಸೊಸೆ ಬರುವ ಮೊದಲೇ ತಮ್ಮವರನ್ನು ದೂರ ಮಾಡಿದಳು ಅಂತ ಆ ತಾಯಿಗೆ ಅನ್ನಿಸಬಹುದು. ಅವರ ಊರಿನ ಸಂಜೆಯನ್ನು ನಿಮ್ಮೂರಿನದಕ್ಕಿಂತ ಮೊದಲು ಇಟ್ಟುಕೊಳ್ಳುತ್ತೇವೆ ಅಂತ ಹೇಳಿ ನೋಡಿ.

ಮುಂಜಾವು:
ಆಗಲಿ ಅಂಕಲ್, ಅವರಿಂದಲೇ ಹೇಳಿಸುತ್ತೇನೆ. ಸಂಜೆ ಯಾವುದು ಮೊದಲು ಅನ್ನುವುದರ ಬಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ಹಟ ಇಲ್ಲ.

ಕಡಲಂಚು ಅವರೇ, ಎರಡು ಗಂಟೆಯ ದಾರಿಯ ಜಾಗಕ್ಕೂ ಆ ಕೋಣೆಗಳ ಷರತ್ತು ಇರುತ್ತದಾ? ನಾಡಿದ್ದು ಒಬ್ಬರನ್ನು ನೋಡಲು ಹೋಗುತ್ತಿದ್ದೇವೆ.

ಕಡಲಂಚು:
ಇರಬಹುದು, ದೂರಕ್ಕೂ ಅದಕ್ಕೂ ಸಂಬಂಧವಿಲ್ಲ. ಪೂರ್ತಿ ಜಾಗವನ್ನೇ ಎರಡು ರಾತ್ರಿಗೆ ಹಿಡಿದರೆ ಆ ಷರತ್ತು ಬೇಕಾಗುವುದಿಲ್ಲ, ಆದರೆ ಖಾಲಿ ಉಳಿದ ಕೋಣೆಗೂ ನೀವು ಕೊಟ್ಟಂತೆಯೇ ಆಗುತ್ತದೆ. ಹಾಗಾಗಿ ಫೋನಿನಲ್ಲಿ ಖಂಡಿತ ಬರುತ್ತೇವೆ ಅಂದವರ ಸಂಖ್ಯೆ ಹಿಡಿದುಕೊಂಡೇ ಹೋಗಿ. ಅದೇ ದಿನ ಅಲ್ಲಿ ಬೇರೆ ಮದುವೆಗೆ ಜಾಗ ಕೊಡುತ್ತಾರಾ ಅಂತ ಕೇಳಿ. ಕರೆಂಟ್ ಹೋದರೆ ಜನರೇಟರ್ ಎಷ್ಟು ಹೊತ್ತು ನಡೆಯುತ್ತದೆ, ಮಳೆ ಬಂದರೆ ಎಲ್ಲರೂ ಕೂರುವಷ್ಟು ಸೂರಿನಡಿಯ ಜಾಗ ಎಲ್ಲಿದೆ, ಹತ್ತಿರದ ಆಸ್ಪತ್ರೆ ಎಷ್ಟು ದೂರ, ಹೊರಗೆ ಹಾಡು ಹಾಕಲು ರಾತ್ರಿ ಎಷ್ಟು ಗಂಟೆಯವರೆಗೆ ಬಿಡುತ್ತಾರೆ ಅನ್ನುವುದನ್ನೂ ಕೇಳಿ. ಮುಂಗಡ ಕೊಡುವ ಮೊದಲು ಒಪ್ಪಂದದ ಪ್ರತಿ ತೆಗೆದುಕೊಂಡು ಮನೆಗೆ ಬಂದು ಓದಿ. ಇವತ್ತೇ ಸಹಿ ಹಾಕಿದರೆ ಮಾತ್ರ ಈ ದರ ಅಂದರೆ ಎದ್ದು ಬನ್ನಿ.